ಮೆಟ್ಟಿಲು ಬೀದಿಯ ಆಂಬುಲೆನ್ಸ್

ಟೈಲರಮ್ಮ ಪುರಸಭೆಯ ಸದಸ್ಯೆಯಾದ ಮೇಲೂ ಹೊಲಿಗೆ ಮೆಷಿನ್ ಬಿಡಲಿಲ್ಲ. ಬಿಟ್ಟರೆ ಮನೆ ನಡೆಯುವುದಿಲ್ಲ ಎನ್ನುವುದು ಒಂದು ಕಾರಣ. ಕಾಲು ಪೆಡಲಿನ ಮೇಲಿದ್ದರೆ ಮಾತ್ರ ತನ್ನ ತಲೆ ಸರಿಯಾಗಿ ಓಡುತ್ತದೆ ಎನ್ನುವುದು ಇನ್ನೊಂದು. ವಾರ್ಡಿನ ಜನಕ್ಕೂ ಅದು ಅಭ್ಯಾಸವಾಗಿತ್ತು. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಬೀದಿದೀಪ ಉರಿಯುತ್ತಿಲ್ಲ ಎಂದು ದೂರು ತರುವವರು ಜೊತೆಗೆ ಜಿಪ್ ಕೆಟ್ಟ ಚೀಲವನ್ನೋ ಮಗುವಿನ ಹರಿದ ಚಡ್ಡಿಯನ್ನೋ ತರುತ್ತಿದ್ದರು. ಚಡ್ಡಿ ಆಗಲೇ ಸರಿಯಾಗುತ್ತಿತ್ತು. ನಲ್ಲಿಗೆ ಸ್ವಲ್ಪ ಸಮಯ ಹಿಡಿಯುತ್ತಿತ್ತು.

ಅವಳ ಮನೆ ಇದ್ದದ್ದು ಮೆಟ್ಟಿಲು ಬೀದಿಯ ತುತ್ತತುದಿಯಲ್ಲಿ. ಊರಿನ ಮುಖ್ಯ ರಸ್ತೆಯಿಂದ ಗುಡ್ಡದ ಮೇಲಿನ ನೀರಿನ ಟ್ಯಾಂಕಿನವರೆಗೆ ಬರೀ ಕಲ್ಲಿನ ಮೆಟ್ಟಿಲು. ಒಂದು ಕಡೆ ಮನೆಗಳ ಬಾಗಿಲು, ಇನ್ನೊಂದು ಕಡೆ ಮೋರಿ ಮತ್ತು ಗೋಡೆ. ಸೈಕಲ್ಲೂ ಹತ್ತದ ಬೀದಿ. ಗ್ಯಾಸ್ ಸಿಲಿಂಡರ್, ಬೀರು, ಮದುವೆಯ ಮಂಚ, ಎಲ್ಲವೂ ಯಾರದೋ ತಲೆಯ ಮೇಲೆ, ಯಾರದೋ ಬೆನ್ನಿನ ಮೇಲೆ ಹತ್ತಿ ಬರಬೇಕು. ಮೆಟ್ಟಿಲುಗಳ ನಡುವೆ ಉದ್ದಕ್ಕೂ, ಹಿಡಿದು ಹತ್ತಲೆಂದು, ಕಬ್ಬಿಣದ ಕಂಬಿಯ ಒಂದು ಕೈಪಿಡಿ ಇತ್ತು. ಅದು ಟೈಲರಮ್ಮ ಗೆದ್ದ ವರ್ಷ ಆದ ಕೆಲಸ. ಬೀದಿಯ ಪ್ರತಿ ಮನೆಯವರೂ ಒಂದೊಂದು ತುಂಡು ಪೈಪು ಕೊಟ್ಟಿದ್ದರು. ಒಬ್ಬರು ಮುರಿದ ಮಂಚದ್ದು, ಒಬ್ಬರು ಹಳೆಯ ಸೈಕಲ್ಲಿನದು, ಇನ್ನೊಬ್ಬರು ತೊಟ್ಟಿಲಿನದು. ಎಲ್ಲವನ್ನೂ ಬೆಸೆದು ನಿಲ್ಲಿಸಿದವನು ಕೆಳಗೆ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅವಳ ಗಂಡ. ಮನೆಗಳ ಗೋಡೆಗೆ ಹಾಕಿದರೆ ಬಾಗಿಲುಗಳಿಗೆ ಅಡ್ಡ, ಮೋರಿಯ ಕಡೆ ಹಾಕಿದರೆ ಹತ್ತುವವರಿಗೆ ದೂರ ಎಂದು ನಡುವೆಯೇ ಹಾಕಿಸಿದವಳು ಅವಳು. ಹತ್ತುವವರೂ ಇಳಿಯುವವರೂ ಅದನ್ನು ಹಿಡಿದು ಅವಳನ್ನು ಹರಸುತ್ತಿದ್ದರು.

ಆ ದಿನ ಬೆಳಿಗ್ಗೆ ಕೈಪಿಡಿ ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬಂದವಳು ನಾದಿನಿ. ಅವಳೂ ಅವಳ ಗಂಡನೂ ಕೆಳಗೆ ಸಮತಟ್ಟು ರಸ್ತೆಯಲ್ಲಿ ಬೇಕರಿ ನಡೆಸುತ್ತಿದ್ದರು. ಬಂದವಳೇ ನೀರು ಕುಡಿದು, ತನ್ನ ಅಮ್ಮನ ಬಟ್ಟೆಗಳಿದ್ದ ಬೀರುವಿನ ಬಾಗಿಲು ತೆಗೆದಳು.

"ಇದೇನೇ, ಹೇಳದೆ ಕೇಳದೆ?" ಎಂದಳು ಟೈಲರಮ್ಮ ಮೆಷಿನ್ ನಿಲ್ಲಿಸಿ.

"ಹೇಳಿದ್ದೀನಲ್ಲ ಅತ್ತಿಗೆ, ಎಷ್ಟು ಸಲ ಹೇಳೋದು? ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಇನ್ನೊಂದು ಸಲ ಉಸಿರು ಕಟ್ಟಿದ್ರೆ ಈ ಮೆಟ್ಟಿಲಲ್ಲಿ ಯಾರು ಹೊರ್ತಾರೆ?"

"ಇವತ್ತು ಮಧ್ಯಾಹ್ನ ಅದೇ ವಿಷಯಕ್ಕೆ ಸಭೆ ಇದೆ. ಸಂಜೆ ತನಕ ತಡಿ."

"ನೀವು ಗೆದ್ದಾಗ ನಾನೂ ಕುಣಿದೆ, ಇಲ್ಲ ಅನ್ನಲ್ಲ. ಆದ್ರೆ ಅಮ್ಮನ ಉಸಿರು ನಿಮ್ಮ ಸಭೆಗೆ ಕಾಯಲ್ಲ."

ಕಿಟಕಿಯ ಪಕ್ಕದ ಮಂಚದ ಮೇಲೆ ಅಂಗಿಗೆ ಗುಂಡಿ ಹಾಕುತ್ತಾ ಕೂತಿದ್ದ ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು. "ನಾನೇನು ಬಟ್ಟೆ ಗಂಟಾ? ಒಬ್ಬಳು ಎತ್ಕೊಂಡು ಹೋಗ್ತೀನಿ ಅಂತಾಳೆ, ಇನ್ನೊಬ್ಬಳು ಸಂಜೆ ತನಕ ಇಡು ಅಂತಾಳೆ. ನನ್ನನ್ನೂ ಒಂದು ಮಾತು ಕೇಳ್ರೇ."

"ಕೇಳಿದ್ರೆ ನೀನು ಬರಲ್ಲ ಅಂತೀಯ."

"ಅದಕ್ಕೇ ಕೇಳಿ ಅಂದಿದ್ದು."

"ನಮ್ಮನೇಲಿ ಏನಮ್ಮ ಕಮ್ಮಿಯಾಗಿದೆ ನಿಂಗೆ?"

"ಕಮ್ಮಿ ಏನಿಲ್ಲ. ನಿಮ್ಮನೇಲಿ ಕಿಟಕಿ ತೆಗೆದ್ರೆ ಲಾರಿ ಟೈರು ಕಾಣ್ಸುತ್ತೆ. ಇಲ್ಲಿ ಕಿಟಕಿ ತೆಗೆದ್ರೆ ಇಡೀ ಊರು ನನ್ನ ಕಾಲ ಕೆಳಗಿರುತ್ತೆ."

ಮೂವರೂ ನಕ್ಕರು. ಆದರೆ ನಾದಿನಿಯ ಕಣ್ಣು ನಗಲಿಲ್ಲ. ಹೋದ ಚಳಿಗಾಲದ ಆ ಹಗಲನ್ನು ಅವಳು ಮರೆತಿರಲಿಲ್ಲ, ಟೈಲರಮ್ಮನೂ ಮರೆತಿರಲಿಲ್ಲ. ಅತ್ತೆಯ ಎದೆ ಸೀಟಿ ಊದಲು ಶುರುಮಾಡಿ, ತುಟಿ ನೀಲಿಗಟ್ಟಿದಾಗ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು, ಅವಳ ಗಂಡನೂ ಅಂದು ಅಂಗಡಿಯಲ್ಲಿರಲಿಲ್ಲ. ಆಂಬುಲೆನ್ಸ್ ಕೆಳಗೆ ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಮೇಲೆ ಟೈಲರಮ್ಮ, ಮೂಲೆಮನೆಯ ಅಕ್ಕ ಮತ್ತು ದಾರಿಯಲ್ಲಿ ಸಿಕ್ಕ ತರಕಾರಿಯವನು ಸೇರಿ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಗೆ ಸೀರೆಯಿಂದ ಕಟ್ಟಿ ಇಳಿಸಿದ್ದರು. ಕುರ್ಚಿಯ ಒಂದು ಕಾಲು ಮುರಿಯಿತು. ಅತ್ತೆ ಬದುಕಿದರು. "ಉಸಿರು ಉಳೀತು, ಮಾನ ಹೋಯ್ತು" ಎಂದು ಅವರು ಅದನ್ನು ತಮಾಷೆ ಮಾಡುತ್ತಿದ್ದರು. ಇನ್ನೊಂದು ಸಲ ಹಾಗಾದರೆ ಸಮಯಕ್ಕೆ ಆಮ್ಲಜನಕ ಸಿಗಲೇಬೇಕು ಎಂದು ಡಾಕ್ಟರು ಹೇಳಿದ್ದು ತಮಾಷೆಗಲ್ಲ.

ಅತ್ತೆಯನ್ನು ಕಳಿಸಿಬಿಡುವುದು ಟೈಲರಮ್ಮನಿಗೆ ಸುಲಭವಿತ್ತು. ಮನೆಯಲ್ಲಿ ಒಂದು ಮಂಚದ ಜಾಗ ಖಾಲಿಯಾಗುತ್ತಿತ್ತು, ರಾತ್ರಿ ಎದ್ದೆದ್ದು ನೋಡುವ ಕೆಲಸ ತಪ್ಪುತ್ತಿತ್ತು. ಆದರೆ ಈ ಮನೆಗೆ ಬಂದಾಗ ಸೂಜಿಗೆ ದಾರ ಪೋಣಿಸಲೂ ಬಾರದವಳನ್ನು ಹತ್ತಿರ ಕೂರಿಸಿಕೊಂಡು, ಒಮ್ಮೆಯೂ ಗದರದೆ, ಕತ್ತರಿಸಿ ಹಾಳು ಮಾಡಿದ ಬಟ್ಟೆಯನ್ನೆಲ್ಲ ದಿಂಬಿಗೆ ತುಂಬಿ ಮುಚ್ಚಿಹಾಕಿ, ಟೈಲರಮ್ಮನನ್ನಾಗಿ ಮಾಡಿದವರು ಅವರು. ಅದೂ ಇರಲಿ. ಸದಸ್ಯೆಯೇ ತನ್ನ ಅತ್ತೆಯನ್ನು ಕೆಳಗಿಳಿಸಿದರೆ, ಈ ಬೀದಿಯಲ್ಲಿ ಕಾಯಿಲೆ ಬೀಳುವ ಹಕ್ಕು ಯಾರಿಗೂ ಇಲ್ಲ ಎಂದು ಒಪ್ಪಿಕೊಂಡ ಹಾಗೆ. ಬಸುರಿಯರು, ಮುದುಕರು, ಕಾಲು ಮುರಿದವರು ಎಲ್ಲರೂ ಗಂಟುಮೂಟೆ ಕಟ್ಟಬೇಕಾಗುತ್ತದೆ.

"ಸಂಜೆ ತನಕ" ಎಂದಳು ಮತ್ತೆ. "ಸಂಜೆ ನಾನು ಬಂದು ಆಗಲಿಲ್ಲ ಅಂದ್ರೆ, ನಾನೇ ಅತ್ತೇನ ನಿಮ್ಮನೆಗೆ ಬಿಡ್ತೀನಿ. ಸರೀನಾ?"

ನಾದಿನಿ ಬೀರುವಿನ ಬಾಗಿಲು ಮುಚ್ಚಿ ಮಂಚದ ತುದಿಯಲ್ಲಿ ಕೂತಳು. "ಸರಿ. ಇಲ್ಲೇ ಕೂತಿರ್ತೀನಿ."

*

ಊರಿನ ಆಂಬುಲೆನ್ಸನ್ನು ಆವರೆಗೆ ಒಂದು ಆಸ್ಪತ್ರೆ ಓಡಿಸುತ್ತಿತ್ತು. ತಮ್ಮಿಂದ ಇನ್ನಾಗದು ಎಂದು ಅದು ಕೈಬಿಟ್ಟ ಮೇಲೆ, ಇನ್ನು ಮುಂದೆ ಇದು ಪುರಸಭೆಯದೇ ಹೊಣೆ ಎಂದು ಮೇಲಿನಿಂದ ಆದೇಶ ಬಂದಿತ್ತು. ಗಾಡಿ ಬಂತು, ಡ್ರೈವರ್ ಬಂದ, ಜೊತೆಗೆ ಒಬ್ಬ ನರ್ಸ್ ಬಂದ. ಉಳಿದದ್ದು ನಿಯಮ ಮಾಡುವುದು. ಮುಖ್ಯಾಧಿಕಾರಿಗಳು ಕರಡು ಸಿದ್ಧಮಾಡಿದ್ದರು. ಅದರ ಪ್ರಕಾರ ಪುರಸಭೆಯ ಸೇವೆ ಶುರುವಾಗುವುದು ವಾಹನ ನಿಲ್ಲುವ ಜಾಗದಿಂದ. ರೋಗಿಯನ್ನು ಅಲ್ಲಿಯವರೆಗೆ ತರುವುದು ಮನೆಯವರ ಕೆಲಸ.

ಸಭೆಗೆ ಇನ್ನೂ ಹೊತ್ತಿರುವಾಗಲೇ ಟೈಲರಮ್ಮ ಅಧ್ಯಕ್ಷರ ಕೋಣೆಯ ಬಾಗಿಲು ತಳ್ಳಿದಳು. ಅಧ್ಯಕ್ಷರದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವರ ದನಿ ಎಲ್ಲಿ ಹೋದರೂ ಇಳಿಯುತ್ತಿರಲಿಲ್ಲ. ಗುಟ್ಟು ಹೇಳಿದರೂ ಅದು ಹೊರಗಿನ ಬೆಂಚಿನವರೆಗೆ ಕೇಳುತ್ತಿತ್ತು. ದೊಡ್ಡ ದೇಹ, ದೊಡ್ಡ ಮನಸ್ಸು, ಆದರೆ ಒಮ್ಮೆ 'ಆಗಲ್ಲ' ಎಂದರೆ ಗಿರಣಿಯ ಕಲ್ಲಿನ ಹಾಗೆ ಕೂತುಬಿಡುವ ಮನುಷ್ಯ.

"ಬನ್ನಿ ಟೈಲರಮ್ಮ, ಬನ್ನಿ. ನೀವು ಯಾಕೆ ಬಂದಿದ್ದೀರಿ ಅಂತ ನಂಗೊತ್ತು. ಆಗಲ್ಲ."

"ನಾನಿನ್ನೂ ಬಾಯೇ ತೆಗೆದಿಲ್ಲ ಅಧ್ಯಕ್ಷರೇ."

"ತೆಗೆದ್ರೆ ಮುಚ್ಚಲ್ಲ ಅಂತ ಮೊದಲೇ ಹೇಳಿದೆ."

ಪಕ್ಕದಲ್ಲಿ ಕೂತಿದ್ದ ಮುಖ್ಯಾಧಿಕಾರಿಗಳು ಕನ್ನಡಕ ಸರಿಮಾಡಿಕೊಂಡರು. ಸಣಕಲು ಮನುಷ್ಯ, ಪ್ರತಿ ಮಾತನ್ನೂ ತಕ್ಕಡಿಯಲ್ಲಿಟ್ಟು ಕೊಡುವವರು. "ಮೇಡಂ, ನಮ್ಮ ಹೊಣೆ ರಸ್ತೆ ತನಕ. ಮೆಟ್ಟಿಲು ರಸ್ತೆ ಅಲ್ಲ."

"ಹಾಗಾದ್ರೆ ಅದನ್ನ ದಿನಾ ಗುಡಿಸೋದು ಯಾರು ಸಾರ್?"

"ಪುರಸಭೆ."

"ದೀಪ ಹಾಕಿರೋದು?"

"ಪುರಸಭೆ. ಆದ್ರೆ..."

"ಕಸ ಎತ್ತೋಕೆ ಮನೆ ಬಾಗಿಲ ತನಕ ಬರ್ತೀರಿ. ತೆರಿಗೆ ಕೇಳೋಕೆ ನಡುಮನೆ ತನಕ ಬರ್ತೀರಿ. ಮನುಷ್ಯರನ್ನ ಎತ್ತೋಕೆ ಮಾತ್ರ ಕೆಳಗೆ ನಿಂತು ಹಾರ್ನ್ ಹೊಡೀತೀರಿ."

ಅಧ್ಯಕ್ಷರು ಗಹಗಹಿಸಿ ನಕ್ಕರು. ನಂತರ ಮುಂದಕ್ಕೆ ಬಾಗಿ, ತಮ್ಮ ಮಟ್ಟಿಗೆ ಮೆಲ್ಲಗೆ ಹೇಳಿದರು: "ನೋಡಮ್ಮ, ನಿಮ್ಮ ಮಾತು ನ್ಯಾಯವೇ. ಆದ್ರೆ ಇರೋರು ಇಬ್ಬರು. ಆ ಮೆಟ್ಟಿಲಲ್ಲಿ ಒಬ್ಬನ ಕಾಲು ಜಾರಿದ್ರೆ ರೋಗಿ ಗತಿ ಏನು? ಮನೆಯವರು ಬೀಳಿಸಿದ್ರೆ ದುರದೃಷ್ಟ, ನಾವು ಬೀಳಿಸಿದ್ರೆ ಕೇಸು. ಡ್ರೈವರ್‌ನೇ ಕೇಳಿ ಬೇಕಾದ್ರೆ."

ಡ್ರೈವರನ್ನು ಕರೆಸಿದರು. ಅವನು ಮುಲಾಜಿಲ್ಲದೆ ಹೇಳಿದ: "ನಾನು ಗಾಡಿ ಬಿಟ್ಟು ಹೋದ್ರೆ ಗಾಡಿ ಯಾರು ನೋಡ್ತಾರೆ? ಮತ್ತೆ ನನ್ನ ಬೆನ್ನು. ಆ ಬೀದಿ ನೋಡಿದ್ರೇನೇ ನೋಯುತ್ತೆ."

"ಒಂದು ಸಲವಾದ್ರೂ ಹೊತ್ತು ನೋಡಿದ್ದೀಯಾ?" ಎಂದಳು ಟೈಲರಮ್ಮ.

"ಇಲ್ಲ."

"ಅಧ್ಯಕ್ಷರೇ, ನೀವು?"

"ನಾನ್ಯಾಕೆ ಹೊರಲಿ?"

"ಹಾಗಾದ್ರೆ ಹೊರದೇ ಇರೋರೆಲ್ಲ ಸೇರ್ಕೊಂಡು ಹೊರೋಕಾಗಲ್ಲ ಅಂತ ನಿಯಮ ಮಾಡ್ತಾ ಇದ್ದೀವಿ. ಸಭೆಗೆ ಇನ್ನೂ ಹೊತ್ತಿದೆ. ಬನ್ನಿ, ಒಂದು ಸಲ ಹೊತ್ತು ಇಳಿಸಿ ನೋಡೋಣ. ಆಗಲಿಲ್ಲ ಅಂದ್ರೆ ನಾನೇ ನಿಮ್ಮ ಕರಡು ನಿಯಮಕ್ಕೆ ಕೈ ಎತ್ತುತ್ತೀನಿ."

ಅಧ್ಯಕ್ಷರ ಕಣ್ಣಲ್ಲಿ ತುಂಟತನ ಮಿಂಚಿತು. "ರೋಗಿ ಯಾರು?"

"ಯಾರಾದ್ರೂ ಆಗಲಿ."

"ನಾನೇ ಆಗ್ತೀನಿ" ಎಂದು ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿದರು. "ನನ್ನನ್ನ ಹೊತ್ತು ಇಳಿಸಿದ್ರೆ ಸಭೇಲಿ ಮೊದಲ ಕೈ ನಂದು. ಇಳಿಸೋ ತನಕ ನಾನಾಗಿ ಏಳಲ್ಲ, ಮಾತು ಕೊಟ್ಟೆ. ಆಮೇಲೆ ತೂಕ ಜಾಸ್ತಿ ಆಯ್ತು ಅಂತ ಗೊಣಗಬಾರದು."

"ಕಾಯಿಲೆ ತೂಕ ನೋಡ್ಕೊಂಡು ಬರಲ್ಲ, ಬನ್ನಿ" ಎಂದಳು ಟೈಲರಮ್ಮ.

*

ಅಧ್ಯಕ್ಷರು ಮೇಲೆ ಹತ್ತಿ ಬರುವಷ್ಟರಲ್ಲಿಯೇ ಅರ್ಧ ರೋಗಿಯಾಗಿದ್ದರು. ಬೀದಿಯ ಹೆಂಗಸರು, ಶಾಲೆಗೆ ಹೋಗದ ಪುಟ್ಟ ಮಕ್ಕಳು ಎಲ್ಲ ಬಾಗಿಲಲ್ಲಿ ನಿಂತಿದ್ದರು. ಅತ್ತೆ ತಮ್ಮ ಮಂಚ ಬಿಟ್ಟುಕೊಟ್ಟು ಕುರ್ಚಿಯಲ್ಲಿ ಕೂತು, ಅಲ್ಲಿಂದಲೇ ಎಲ್ಲದರ ಉಸ್ತುವಾರಿ ವಹಿಸಿಕೊಂಡರು.

"ಚಪ್ಪಲಿ ಬಿಚ್ಚಪ್ಪ. ಹೂಂ, ಮಲಕ್ಕೋ. ಈಗ ನಿಂಗೆ ಉಸಿರು ಕಟ್ಟಿದೆ."

"ನಿಜವಾಗಲೂ ಕಟ್ಟಿದೆ ತಾಯಿ, ನಟನೆ ಬೇಕಾಗಿಲ್ಲ."

"ಇಷ್ಟು ಜೋರಾಗಿ ಮಾತಾಡೋ ರೋಗಿ ಎಲ್ಲಾದ್ರೂ ಇರ್ತಾನಾ? ಸುಮ್ಮನೆ ಬಿದ್ಕೋ."

ನರ್ಸ್ ಮತ್ತು ಡ್ರೈವರ್ ಸ್ಟ್ರೆಚರ್ ಹಾಸಿ, ಅಧ್ಯಕ್ಷರನ್ನು ಅದರ ಮೇಲೆ ಹೊರಳಿಸಿ, ಎದೆಗೊಂದು ತೊಡೆಗೊಂದು ಬೆಲ್ಟ್ ಬಿಗಿದರು. ಮುಖ್ಯಾಧಿಕಾರಿಗಳು ಕೊಡೆ ಹಿಡಿದು ಹಿಂದೆ ನಿಂತರು. ಹೊಸಿಲು ದಾಟಿದರು. ಮೊದಲ ಕೆಲವು ಮೆಟ್ಟಿಲುಗಳಲ್ಲಿ ಅಧ್ಯಕ್ಷರು ರಾಜನ ಹಾಗೆ ಎಡಬಲ ನೋಡಿ ತಲೆಯಾಡಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಡ್ರೈವರ್ ಮುಂದೆ, ನರ್ಸ್ ಹಿಂದೆ, ಕೈಪಿಡಿಯ ಒಂದು ಪಕ್ಕದಲ್ಲಿ ಒಬ್ಬರ ಹಿಂದೊಬ್ಬರು ಇಳಿಯುತ್ತಿದ್ದರು. ಇಬ್ಬರ ಕತ್ತಿನ ನರ ಹಗ್ಗದಂತೆ ಎದ್ದಿತ್ತು. ಆದರೂ ಇಳಿಯುತ್ತಿದ್ದರು. ಟೈಲರಮ್ಮನ ಮುಖ ಅರಳಿತು. ಇದೇನು ಮಹಾ ಕಷ್ಟವಲ್ಲ, ಇನ್ನಿಬ್ಬರು ಇದ್ದರೆ ಸಲೀಸು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಮೂಲೆಮನೆಯ ಹತ್ತಿರ ಬೀದಿ ತಿರುಗುತ್ತದೆ. ಆ ಮನೆಯ ಗೋಡೆ ಹೊರಗೆ ಚಾಚಿದೆ. ಗೋಡೆಗೂ ಕೈಪಿಡಿಗೂ ನಡುವೆ ಒಬ್ಬ ಮನುಷ್ಯ ಚೀಲ ಹಿಡಿದು ತಿರುಗಬಹುದು. ಸ್ಟ್ರೆಚರ್ ತಿರುಗಲಿಲ್ಲ.

ಡ್ರೈವರ್ ಮುಂದೆ ಹೋಗಿ ನೋಡಿದ, ಹಿಂದೆ ಬಂದು ನೋಡಿದ. ಓರೆ ಮಾಡಿದರೆ ಅಧ್ಯಕ್ಷರ ತಲೆ ಗೋಡೆಗೆ. ನೆಟ್ಟಗೆ ಮಾಡಿದರೆ ಕಾಲು ಕಬ್ಬಿಣಕ್ಕೆ. ಕೈಪಿಡಿಯ ಮೇಲಿಂದ ಎತ್ತಿ ಆಚೆ ದಾಟಿಸಲು ಇಬ್ಬರ ತೋಳಿಗೆ ಶಕ್ತಿ ಇರಲಿಲ್ಲ. ಕೊನೆಗೆ ಸ್ಟ್ರೆಚರನ್ನು ತಿರುವಿನ ಕಟ್ಟೆಯ ಮೇಲೆ ಇಳಿಸಿ ಇಬ್ಬರೂ ಬೆನ್ನು ಹಿಡಿದುಕೊಂಡು ನಿಂತರು.

ಆಮೇಲೆ ಎಲ್ಲರೂ ಕೈಪಿಡಿಯನ್ನು ನೋಡಿ, ನಿಧಾನವಾಗಿ ಟೈಲರಮ್ಮನ ಕಡೆ ತಿರುಗಿದರು.

ಮಲಗಿದ್ದಲ್ಲಿಂದಲೇ ಅಧ್ಯಕ್ಷರ ನಗು ಶುರುವಾಯಿತು. ಸ್ಟ್ರೆಚರ್ ಸಮೇತ ಕುಲುಕಿ ಕುಲುಕಿ ನಕ್ಕರು. "ಟೈಲರಮ್ಮ! ನಾನು ಬೇಡ ಅಂತೀನಿ ಅಂತ ನನ್ನ ಮೇಲೆ ಹಾರಾಡಿದ್ರಲ್ಲ, ನಿಮ್ಮ ಕಬ್ಬಿಣವೇ ಬೇಡ ಅಂತಿದೆಯಲ್ರೀ!"

ಮುಖ್ಯಾಧಿಕಾರಿಗಳ ತುಟಿಯಲ್ಲೂ ಒಂದು ಎಳೆ ನಗು ಹಾದುಹೋಯಿತು. ಟೈಲರಮ್ಮನ ಕಿವಿ ಬಿಸಿಯಾಯಿತು. ಬಾಗಿಲಲ್ಲಿ ನಾದಿನಿ ಕೈಕಟ್ಟಿ ನಿಂತಿದ್ದಳು. ಅವಳ ಮುಖದಲ್ಲಿ ಗೆದ್ದ ಸಂತೋಷವಿರಲಿಲ್ಲ. ನೋಡಿದಿರಾ, ನಾನು ಹೇಳಲಿಲ್ಲವಾ ಎಂಬ ದಣಿವಿತ್ತು.

ಬಿಸಿಲು ನೇರವಾಗಿ ಅಧ್ಯಕ್ಷರ ಮುಖಕ್ಕೆ ಬೀಳುತ್ತಿತ್ತು. ನಗು ನಿಂತಿತು. ಮೂಗಿನ ಮೇಲೆ ನೊಣ ಕೂತರೆ ಓಡಿಸಲು ಕೈ ಬೆಲ್ಟಿನೊಳಗೆ ಸಿಕ್ಕಿತ್ತು. ಸುತ್ತ ನೋಡಿದರೆ ಬರೀ ಜನರ ಗದ್ದಗಳು, ಮೂಗಿನ ಹೊಳ್ಳೆಗಳು, ಆಮೇಲೆ ಆಕಾಶ. "ಸರಿ, ಆಯ್ತಲ್ಲ, ಬಿಚ್ರಪ್ಪ" ಎಂದರು. ದನಿ ಮೊದಲ ಬಾರಿಗೆ ತಗ್ಗಿತ್ತು.

"ಬಿಚ್ಚೋದಾ?" ಮೇಲಿನ ಕಿಟಕಿಯಿಂದ ಅತ್ತೆ ಕೂಗಿದರು. "ನಾನಾಗಿ ಏಳಲ್ಲ ಅಂತ ಮಾತು ಕೊಟ್ಟಿದ್ಯಂತಲ್ಲಪ್ಪ, ಸೊಸೆ ಹೇಳಿದ್ಲು. ಎದ್ದು ನಡ್ಕೊಂಡು ಹೋಗೋ ಹಾಗಿದ್ರೆ ನಂಗೂ ಆವತ್ತು ಆಂಬುಲೆನ್ಸ್ ಬೇಕಿರಲಿಲ್ಲ!"

ಅಧ್ಯಕ್ಷರು ಆಕಾಶ ನೋಡಿದರು. "ಎಷ್ಟು ಹೊತ್ತು ಹೀಗೇ ಇದ್ರಿ ತಾಯಿ ಆವತ್ತು?" ಎಂದು ಕೇಳಿದರು.

"ಕುರ್ಚಿ ಕಾಲು ಮುರಿದು ಇನ್ನೊಂದು ಕುರ್ಚಿ ತರೋ ತನಕ. ನೀನಿರೋ ಅದೇ ಜಾಗ. ಉಸಿರಿಲ್ಲದಿದ್ದಾಗ ಗಡಿಯಾರ ಯಾರು ನೋಡ್ತಾರೆ?"

ಟೈಲರಮ್ಮ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ನಾಲ್ಕು ಮೆಟ್ಟಿಲು ಇಳಿದು ನಿಂತು, ಕೆಳಗಿನ ವೆಲ್ಡಿಂಗ್ ಅಂಗಡಿಯ ಕಡೆ ಬಾಯಿಗೆ ಕೈ ಹಿಡಿದು ಕೂಗಿದಳು: "ರೀ! ಕಬ್ಬಿಣ ಕತ್ತರಿಸೋ ಮೆಷಿನ್ ತಗೊಂಡು ಬನ್ನಿ. ಉದ್ದದ ವೈರೂ ತನ್ನಿ!"

ಮೂಲೆಮನೆಯ ಅಕ್ಕ ಓಡಿ ಬಂದು ಕೈಪಿಡಿಯನ್ನು ತಬ್ಬಿ ಹಿಡಿದಳು. "ಏನು ಮಾಡೋಕೆ ಹೊರಟಿದ್ದೀಯೇ? ಈ ತುಂಡು ನನ್ನ ಮಗನ ತೊಟ್ಟಿಲಿಂದು! ದಿನಾ ಒರೆಸಿ ಇಟ್ಟಿದ್ದೀನಿ."

"ಗೊತ್ತು ಅಕ್ಕ. ನಮ್ಮ ಅತ್ತೆ ಮಂಚದ ಪೈಪು ಅದರ ಪಕ್ಕದಲ್ಲೇ ಇದೆ."

"ನೀನೇ ಹಾಕ್ಸಿದೆ. ಕೆಲಸ ಮುಗಿದ ದಿನ ಇದನ್ನೇ ಹಿಡ್ಕೊಂಡು ಫೋಟೋ ತೆಗೆಸ್ಕೊಂಡೆ. ಈಗ ನೀನೇ ಕತ್ತರಿಸ್ತೀಯಾ?"

"ಹೂಂ. ಅಳತೆ ತಪ್ಪಿದ್ರೆ ಹೊಲಿಗೆ ಬಿಚ್ಚಬೇಕು ತಾನೇ? ಹಾಕಿದೋಳು ನಾನೇ ಅಂತ ತಪ್ಪು ಅಳತೇನ ಊರೆಲ್ಲ ಉಟ್ಕೊಂಡು ತಿರುಗಬೇಕಾ?" ಟೈಲರಮ್ಮ ಅವಳ ಭುಜದ ಮೇಲೆ ಕೈಯಿಟ್ಟಳು. "ಗಟ್ಟಿಮುಟ್ಟಾಗಿ ಇರೋರು ಹತ್ತೋದು ಇಳಿಯೋದು ಅಷ್ಟೇ ಯೋಚನೆ ಮಾಡಿದೆ ಅಕ್ಕ. ಮಲಗಿರೋರು ಇಳೀತಾರೆ ಅಂತ ಹೊಳೀಲಿಲ್ಲ. ಕೈಪಿಡಿ ಎಲ್ಲೂ ಹೋಗಲ್ಲ. ಬಾಗಿಲು ಬಾಗಿಲ ನಡುವೆ ಗೋಡೆಗೆ ತುಂಡು ತುಂಡಾಗಿ ಹಾಕಿಸ್ತೀನಿ. ನಿನ್ನ ತೊಟ್ಟಿಲಿನ ಪೈಪು ನಿನ್ನ ಬಾಗಿಲ ಪಕ್ಕಕ್ಕೇ ಬರುತ್ತೆ. ಬೇರೆಯವರಿಗೆ ಒರೆಸೋಕೂ ಬಿಡಬೇಡ."

ಅಕ್ಕ ಮುಖ ಊದಿಸಿಕೊಂಡೇ ಇದ್ದಳು. ಆದರೆ ಕೈ ಬಿಟ್ಟಳು. ವೈರು ಚುಚ್ಚಲು ತನ್ನ ಮನೆಯ ಪ್ಲಗ್ಗನ್ನೇ ತೋರಿಸಿದಳು.

ಗಂಡ ಮೆಷಿನ್ ಹೊತ್ತು ಬಂದ. ಸ್ಟ್ರೆಚರ್ ಮೇಲೆ ಮಲಗಿದ್ದ ಅಧ್ಯಕ್ಷರನ್ನೂ ಹೆಂಡತಿಯನ್ನೂ ನೋಡಿದ. "ಎಷ್ಟು ರಾತ್ರಿ ನಿದ್ದೆ ಬಿಟ್ಟು ಬೆಸೆದಿದ್ದೀನಿ ಗೊತ್ತಾ ಇದನ್ನ?"

"ಗೊತ್ತು. ಚಹಾ ಮಾಡಿ ಕೊಟ್ಟೋಳು ನಾನೇ ಅಲ್ವಾ?"

"ಬೆಸೆದೋನೂ ನಾನೇ, ಕೀಳೋನೂ ನಾನೇ. ನಡುವೆ ಗೆದ್ದೋಳು ನೀನು" ಎಂದು ನಗುತ್ತಾ ಕನ್ನಡಕ ಏರಿಸಿದ. ಅಧ್ಯಕ್ಷರ ಮೇಲೆ ಯಾರೋ ಒದ್ದೆ ಗೋಣಿ ಹೊದಿಸಿದರು. ಮೆಷಿನ್ ಕಿರುಚಿತು, ಕಿಡಿ ಹಾರಿತು, ಮಕ್ಕಳು ಕೇಕೆ ಹಾಕಿದರು. ತಿರುವಿನ ತುಂಡು ಕಳಚಿಕೊಂಡಾಗ ಬೀದಿ ಅಲ್ಲಿ ಇದ್ದಕ್ಕಿದ್ದಂತೆ ಅಗಲವಾಗಿ ಕಂಡಿತು. ಇಷ್ಟು ದಿನ ಇಷ್ಟು ಜಾಗ ಎಲ್ಲಿತ್ತು ಎಂದು ಎಲ್ಲರೂ ಬೆರಗಾಗುವಷ್ಟು.

ಗಂಡ ಮೆಷಿನ್ ಕೆಳಗಿಟ್ಟು ಸ್ಟ್ರೆಚರಿನ ಒಂದು ಮೂಲೆ ಹಿಡಿದ. ನಾಲ್ಕನೆಯ ಮೂಲೆ ಖಾಲಿ ಇತ್ತು. ಎಲ್ಲರೂ ಮುಖ್ಯಾಧಿಕಾರಿಗಳನ್ನು ನೋಡಿದರು. ಅವರು ಕೊಡೆ ಮಡಿಸಿ, ಅದನ್ನು ಒಂದು ಮಗುವಿನ ಕೈಗೆ ಕೊಟ್ಟು, ತೋಳು ಮಡಚಿದರು. "ಇದು ನಿಯಮದಲ್ಲಿಲ್ಲ" ಎಂದು ಗೊಣಗಿದರು. ಆದರೆ ಹಿಡಿದರು.

ನಾಲ್ವರ ಕೈಯಲ್ಲಿ ಸ್ಟ್ರೆಚರ್ ತಿರುವನ್ನು ದಾಟಿ, ಮೆಟ್ಟಿಲು ಮೆಟ್ಟಿಲಾಗಿ ತೂಗಿಕೊಂಡು ಇಳಿದು ಆಂಬುಲೆನ್ಸಿನ ಬಾಗಿಲು ಮುಟ್ಟಿತು. ಗಾಡಿಯನ್ನು ಯಾರೂ ಕದ್ದುಕೊಂಡು ಹೋಗಿರಲಿಲ್ಲ.

*

ಸಭೆಗೆ ಅಧ್ಯಕ್ಷರು ಆಂಬುಲೆನ್ಸಿನಲ್ಲೇ ಹೋಗಿ ಇಳಿದರು. ಬಟ್ಟೆಯ ತುಂಬ ಗೋಣಿಯ ನಾರು, ಮೂಗಿನ ಮೇಲೆ ಬಿಸಿಲಿನ ಕೆಂಪು. ಕೆಳಗಿನ ವಾರ್ಡಿನ ಒಬ್ಬ ಸದಸ್ಯರು ಎದ್ದು, "ಮೆಟ್ಟಿಲಿನವರಿಗೆ ನಾಲ್ಕು ಜನ ಕೊಟ್ರೆ ನಮಗೇನು ಸಿಗುತ್ತೆ?" ಎಂದು ತಕರಾರು ತೆಗೆದರು.

ಟೈಲರಮ್ಮ ಎದ್ದಳು. "ನಿಮ್ಮ ವಾರ್ಡಲ್ಲಿ ಮಹಡಿ ಮನೆಗಳಿಲ್ವಾ ಅಣ್ಣ? ನಿಮ್ಮ ತಾಯಿ ಎರಡನೇ ಮಹಡೀಲಿ ಇರೋದಲ್ವಾ? ಆ ಮೆಟ್ಟಿಲನ್ನ ಆಂಬುಲೆನ್ಸ್ ಹತ್ತುತ್ತಾ?"

ಅವರು ಕೂತರು. ತಾಯಿಯ ಮನೆಯ ಮೆಟ್ಟಿಲುಗಳ ತಿರುವು ಅವರ ಕಣ್ಣ ಮುಂದೆ ಬಂದಿರಬೇಕು. ಅಧ್ಯಕ್ಷರು ಕೊಟ್ಟ ಮಾತಿನಂತೆ ಮೊದಲ ಕೈ ಎತ್ತಿದರು. ಎತ್ತುವಾಗ 'ಅಯ್ಯೋ' ಎಂದರು, ಬೆಲ್ಟ್ ಬಿಗಿದ ಜಾಗ ನೋಯುತ್ತಿತ್ತು. ನಂತರ ಒಂದೊಂದಾಗಿ ಉಳಿದ ಕೈಗಳು ಎದ್ದವು. ಪುರಸಭೆಯ ಹೊಣೆ ರೋಗಿ ಮಲಗಿದ ಹಾಸಿಗೆಯಿಂದ ಶುರು. ಪ್ರತಿ ಪಾಳಿಯಲ್ಲೂ ಹೊರಲು ಇನ್ನಿಬ್ಬರು ಇರಬೇಕು. ಬೀದಿಗಳಲ್ಲಿ ಅಡ್ಡ ಇರುವುದೆಲ್ಲ ಗೋಡೆಗೆ ಸರಿಯಬೇಕು ಎಂದು ತೀರ್ಮಾನವಾಯಿತು.

ಸಂಜೆ ಟೈಲರಮ್ಮ ಬಂದು ಹೇಳಿದಾಗ ನಾದಿನಿ ಚಪ್ಪಲಿ ಮೆಟ್ಟಿಕೊಂಡಳು. "ಬರೆದಿದ್ದು ನಿಜ. ಬರ್ತಾರೋ ಇಲ್ವೋ ನೋಡೋಣ" ಎಂದಷ್ಟೇ ಹೇಳಿ ಇಳಿದು ಹೋದಳು.

ಬಂದರು. ಮಳೆಗಾಲದ ಒಂದು ಬೆಳಿಗ್ಗೆ ಅತ್ತೆಯ ಎದೆ ಮತ್ತೆ ಸೀಟಿ ಊದಿದಾಗ, ಟೈಲರಮ್ಮ ಫೋನ್ ಇಟ್ಟು ಅತ್ತೆಯ ಬೆನ್ನಿಗೆ ದಿಂಬು ಕೊಡುವಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ನರ್ಸ್ ಆಮ್ಲಜನಕದ ಸಿಲಿಂಡರನ್ನು ಬೆನ್ನಿಗೆ ಹಾಕಿಕೊಂಡೇ ಬಂದಿದ್ದ. ಹಾಸಿಗೆಯಲ್ಲೇ ಮುಖಕ್ಕೆ ಮಾಸ್ಕ್ ಹಿಡಿದ. ಅತ್ತೆಯ ತುಟಿಗೆ ಬಣ್ಣ ಬಂದ ಮೇಲೆಯೇ ಎತ್ತಿದರು. ನಾಲ್ವರೂ ಒಂದೇ ಹೆಜ್ಜೆಯಲ್ಲಿ ಇಳಿದರು. ಮೂಲೆಮನೆಯ ಅಕ್ಕ ಮುಂದೆ ಓಡಿ ದಾರಿ ಬಿಡಿಸಿದಳು. ಆಸ್ಪತ್ರೆಯಲ್ಲಿ ಡಾಕ್ಟರು, ಸಮಯಕ್ಕೆ ತಂದಿರಿ ಎಂದರು. ಟೈಲರಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ, ಬಹಳ ದಿನಗಳ ನಂತರ ಉಸಿರನ್ನು ಪೂರ್ತಿಯಾಗಿ ಬಿಟ್ಟಳು.

ಅತ್ತೆ ಗುಣವಾಗಿ ಬಂದ ದಿನ ಹೊಸ ಪೇಚು ಶುರುವಾಯಿತು. ಬಾಡಿಗೆ ಕಾರು ಅವರನ್ನು ಮೆಟ್ಟಿಲ ಬುಡದಲ್ಲಿ ಇಳಿಸಿ ಹೋಯಿತು. ಹತ್ತುವಷ್ಟು ತ್ರಾಣ ಅವರಿಗಿನ್ನೂ ಇರಲಿಲ್ಲ. ಮಗನ ವೆಲ್ಡಿಂಗ್ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತರು.

"ಅಮ್ಮ, ನಮ್ಮನೆ ಇಲ್ಲೇ ಇದೆ, ಒಂದು ಮೆಟ್ಟಿಲೂ ಇಲ್ಲ" ಎಂದಳು ನಾದಿನಿ ಮೆಲ್ಲಗೆ. "ಸುಧಾರಿಸ್ಕೊಳ್ಳೋ ತನಕ ಬಾ."

"ಬರ್ತೀನಿ, ಬನ್ನು ತಿನ್ನೋಕೆ. ಇರೋಕಲ್ಲ."

ಟೈಲರಮ್ಮ ಮುಖ್ಯಾಧಿಕಾರಿಗಳಿಗೆ ಫೋನ್ ಹಚ್ಚಿದಳು.

"ಮೇಡಂ, ಇಳಿಸೋದು ತುರ್ತು. ಹತ್ತಿಸೋದು ತುರ್ತು ಅಲ್ಲ" ಎಂದರು ಅವರು, ತಕ್ಕಡಿ ಹಿಡಿದ ದನಿಯಲ್ಲಿ.

"ಕಾಯಿಲೆಯಿಂದ ಎದ್ದೋರನ್ನ ಈ ಮೆಟ್ಟಿಲು ಹತ್ತಿಸಿದ್ರೆ ಅರ್ಧ ದಾರೀಲಿ ಮತ್ತೆ ತುರ್ತಾಗುತ್ತೆ ಸಾರ್. ಆಗ ಅಲ್ಲಿಂದ ಇಳಿಸೋಕೆ ಬರ್ತೀರಾ?"

ನಂತರ ಫೋನಿನಿಂದ ಬೇರೊಂದು ದನಿ, ಬೆಂಚಿನವರೆಗೂ ಕೇಳುವ ಹಾಗೆ: "ಅಲ್ಲಿ ಮಲಗಿದ್ದೋನು ನಾನು ಕಣ್ರೀ! ಮನೇಗೆ ಬಿಟ್ಟು ಬರಲಿ ಅಂತ ಹೇಳಿ. ಮುಂದಿನ ಸಭೇಲಿ ಅದನ್ನೂ ಸೇರಿಸೋಣ."

ಸ್ಟ್ರೆಚರ್ ಬಂತು. ಆದರೆ ಹೊರುವವರಲ್ಲಿ ಒಬ್ಬನಿಗೆ ಅಂದು ರಜೆ. ಟೈಲರಮ್ಮನ ಗಂಡ ಕೆಲಸಕ್ಕೆಂದು ಪಕ್ಕದ ಊರಿಗೆ ಹೋಗಿದ್ದ. ಮೂವರು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ, ಟೈಲರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬಿಡಿ ಅತ್ತಿಗೆ" ಎಂದು ನಾದಿನಿ ಅವಳನ್ನು ಪಕ್ಕಕ್ಕೆ ಸರಿಸಿದಳು. "ಸೂಜಿ ಹಿಡಿಯೋ ಕೈಯಲ್ಲಿ ಇದಾಗಲ್ಲ. ನೀವು ಮುಂದೆ ಹೋಗಿ ಬಾಗಿಲು ತೆಗೀರಿ." ಬಗ್ಗಿ ಮೂಲೆ ಹಿಡಿದಳು. ಬೇಕರಿಯಲ್ಲಿ ದಿನಾ ಹಿಟ್ಟಿನ ಮೂಟೆ ಎತ್ತುವವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು ಎದ್ದಳು.

ಟೈಲರಮ್ಮ ಮುಂದೆ ಹತ್ತಿದಳು. ಹಿಂದಿನಿಂದ ಅತ್ತೆಯ ದನಿ ಬರುತ್ತಿತ್ತು.

"ಮೆಲ್ಲಗೆ ಕಣೇ. ಹಿಟ್ಟಿನ ಮೂಟೆ ಅಲ್ಲ ನಾನು."

"ಹಿಟ್ಟಿನ ಮೂಟೆ ಇಷ್ಟು ಮಾತಾಡಲ್ಲಮ್ಮ" ಎಂದಳು ನಾದಿನಿ ಏದುಸಿರಿನ ನಡುವೆ. "ಸುಮ್ಮನೆ ಮಲಕ್ಕೋ. ನಿನ್ನ ಮನೆ ಇನ್ನೂ ದೂರ ಇದೆ."